ಮರ ಸೊರಗುತ್ತಿದೆ, ಕಾರಣ ಯಾವುದು? ಕಾಡು ಮತ್ತು ನೆಡುತೋಪುಗಳ ದೋಷ ಹಿಡಿಯುವ ಕೈಪಿಡಿ

ಮರ ಒಣಗತೊಡಗಿದಾಗ ಮೊದಲು ಕಣ್ಣಿಗೆ ಬೀಳುವುದು ಹುಳ. ತೊಗಟೆ ಎಬ್ಬಿಸಿದರೆ ಹುಳ, ಬುಡದಲ್ಲಿ ಪುಡಿ, ಪಕ್ಕದಲ್ಲೇ ಗೆದ್ದಲು. ಅಪರಾಧಿ ಸಿಕ್ಕ ಎಂದುಕೊಂಡು ಔಷಧಿ ತರಲು ಹೊರಡುತ್ತೇವೆ. ಆದರೆ ಹೀಗೆ ಸಿಗುವ ಹುಳಗಳಲ್ಲಿ ಹೆಚ್ಚಿನವು ಆಮೇಲೆ ಬಂದ ನೆಂಟರು. ಬೇರು ಉಸಿರುಕಟ್ಟಿದ, ಬೆಂಕಿಗೆ ಬುಡ ಬೆಂದ, ಬರಗಾಲದಲ್ಲಿ ಬಳಲಿದ ಮರದ ವಾಸನೆ ಹಿಡಿದು ಅವು ಬಂದಿರುತ್ತವೆ. ಆದ್ದರಿಂದ ಇಲ್ಲಿನ ಕ್ರಮ ಹೀಗಿದೆ: ಮೊದಲು ನೆಲ, ಆಮೇಲೆ ಬುಡ, ಆಮೇಲೆ ಕಾಂಡ ಮತ್ತು ಎಲೆ, ಕೊನೆಗೆ ಪ್ರಯೋಗಾಲಯ.

ಬೇಕಾದ ಸಾಮಾನು ಹೆಚ್ಚಿಲ್ಲ. ಹರಿತವಾದ ಚಾಕು, ಸಣ್ಣ ಉಳಿ, ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ, ಅಳತೆ ಟೇಪು, ಗುದ್ದಲಿ, ಕಾಗದದ ಲಕೋಟೆಗಳು, ಸೀಸದಕಡ್ಡಿ, ಒಂದು ಸಣ್ಣ ಬಾಟಲಿ ಸ್ಪಿರಿಟ್. ಸ್ಪಿರಿಟ್ ಚಾಕು ಒರೆಸಲು. ರೋಗದ ಮರ ಕೊಯ್ದ ಚಾಕುವನ್ನು ಒರೆಸದೆ ಪಕ್ಕದ ಮರಕ್ಕೆ ಹಾಕಿದರೆ ರೋಗವನ್ನು ನಾವೇ ಹೊತ್ತು ಹಂಚಿದಂತೆ.

ಹುಳ ಹುಡುಕುವ ಮುನ್ನ: ಸುತ್ತ ಒಂದು ನಡಿಗೆ

ಮೊದಲ ಹತ್ತು ನಿಮಿಷ ಮರವನ್ನು ಮುಟ್ಟಬೇಡಿ. ಸುತ್ತ ನಡೆದು ಮೂರು ಪ್ರಶ್ನೆ ಕೇಳಿಕೊಳ್ಳಿ.

ಬಾಡಿರುವುದು ಒಂದೇ ಜಾತಿಯೋ, ಸಿಕ್ಕಿದ್ದೆಲ್ಲವೋ? ತೇಗ, ಮತ್ತಿ, ಹೊನ್ನೆ, ಕೆಳಗಿನ ಪೊದೆ ಎಲ್ಲವೂ ಒಟ್ಟಿಗೆ ಸೊರಗಿದ್ದರೆ ಅದು ಕೀಟವೂ ಅಲ್ಲ, ರೋಗವೂ ಅಲ್ಲ ಎಂದೇ ಶುರುಮಾಡಿ. ಕೀಟ, ರೋಗಗಳಿಗೆ ಸಾಮಾನ್ಯವಾಗಿ ಜಾತಿಯ ಆಯ್ಕೆ ಇರುತ್ತದೆ. ಬೆಂಕಿ, ಸಿಡಿಲು, ನಿಂತ ನೀರು, ಗಾಳಿಯಲ್ಲಿ ತೇಲಿಬಂದ ಕಳೆನಾಶಕಗಳಿಗೆ ಅದಿಲ್ಲ.

ಹರಡಿದ ಆಕಾರ ಯಾವುದು? ನಡುವೆ ಸತ್ತ ಮರ, ಅದರ ಸುತ್ತ ಸಾಯುತ್ತಿರುವವು, ಹೊರಗೆ ಮಂಕಾದವು ಎಂದು ವೃತ್ತದ ಹಾಗೆ ಬೆಳೆಯುತ್ತಿದ್ದರೆ ಬೇರಿನಿಂದ ಬೇರಿಗೆ ದಾಟುವ ಕೊಳೆರೋಗದ ಅನುಮಾನ ಬಲವಾಗುತ್ತದೆ. ಸಾಲಾಗಿ ಸತ್ತಿದ್ದರೆ ರಸ್ತೆ, ಕಾಲುವೆ, ಹೊಸ ಕಂದಕ ಯಾವುದಿದೆ ನೋಡಿ. ಅಲ್ಲೊಂದು ಇಲ್ಲೊಂದು ಚದುರಿದ್ದರೆ ಹಾರುವ ಕೀಟ, ಇಲ್ಲವೇ ಆಯಾ ಮರದ್ದೇ ಗಾಯ.

ಎಷ್ಟು ದಿನದಿಂದ ಹೀಗಿದೆ? ಒಂದು ವಾರದಲ್ಲಿ ಎಲೆ ಹೋದದ್ದಕ್ಕೂ ಎರಡು ವರ್ಷದಿಂದ ತುದಿ ಒಣಗುತ್ತಿರುವುದಕ್ಕೂ ಕಾರಣ ಒಂದೇ ಆಗುವುದು ಅಪರೂಪ.

ಆಮೇಲೆ ಬುಡಕ್ಕೆ ಬನ್ನಿ. ಕಾಂಡ ಬೇರಾಗಿ ಅಗಲವಾಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ಕಂಬದ ಹಾಗೆ ನೇರವಾಗಿ ನೆಲಕ್ಕೆ ಇಳಿದಿದ್ದರೆ ಯಾರೋ ಮಣ್ಣು ಏರಿಸಿದ್ದಾರೆ, ಬೇರಿಗೆ ಗಾಳಿ ಸಾಲುತ್ತಿಲ್ಲ. ಮೊಣಕೈ ಆಳ ಅಗೆದು ಮಣ್ಣು ಮೂಸಿ ನೋಡಿ. ಬೂದುಬಣ್ಣ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅಲ್ಲಿ ನೀರು ನಿಲ್ಲುತ್ತಿದೆ. ಇಳಿಜಾರಿನ ಮೇಲಿನ ಬದಿಯಲ್ಲಿ ತೊಗಟೆ ಸುಟ್ಟು ಸೀಳಿದ್ದರೆ ಹಳೆಯ ನೆಲಬೆಂಕಿ. ಉದುರೆಲೆ ಶೇಖರವಾಗುವುದು ಆ ಬದಿಯಲ್ಲೇ, ಅದಕ್ಕೇ ಅಲ್ಲಿ ಕಾವು ಹೆಚ್ಚು. ಬುಡದಲ್ಲಿ ಜೋಡಿ ಹಲ್ಲಿನ ಅಗಲವಾದ ಗೀರುಗಳಿದ್ದರೆ ಮುಳ್ಳುಹಂದಿ. ತುದಿಯಿಂದ ಕೆಳಗೆ ಸುರುಳಿಯಾಗಿ ತೊಗಟೆ ಸೀಳಿದ್ದರೆ ಸಿಡಿಲು.

ಬದುಕಿದೆಯೋ ಇಲ್ಲವೋ ತಿಳಿಯಲು ಉಗುರು ಸಾಕು. ಬೆರಳು ಗಾತ್ರದ ರೆಂಬೆಯ ತೊಗಟೆ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ. ಕಂದು, ಒಣ ಇದ್ದರೆ ಇನ್ನೂ ಕೆಳಗೆ ಕೆರೆಯುತ್ತ ಬನ್ನಿ. ಹಸಿರು ಎಲ್ಲಿ ಶುರುವಾಗುತ್ತದೋ ಆ ಗಡಿಯನ್ನು ಗುರುತಿಟ್ಟುಕೊಳ್ಳಿ. ಮುಂದೆ ಮಾದರಿ ತೆಗೆಯುವುದು ಅಲ್ಲಿಂದಲೇ.

ಲಕ್ಷಣ: ಎಲೆಯೆಲ್ಲ ಹೋಗಿದೆ

ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರುವ ಕಾಡು ಬೋಳಾಗುವುದು ಅದರ ಸ್ವಭಾವ. ರೆಂಬೆ ಕೆರೆದಾಗ ಹಸಿರಿದ್ದರೆ, ಮೊಗ್ಗು ಗಟ್ಟಿಯಿದ್ದರೆ ಸುಮ್ಮನಿರಿ.

ಮುಂಗಾರಿನ ಮೊದಲ ಮಳೆಗೆ ಚಿಗುರಿದ ತೇಗ ಒಂದೆರಡು ವಾರದಲ್ಲೇ ಬೋಳಾದರೆ ಅದು ಬೇರೆ ವಿಷಯ. ಉಳಿದ ಎಲೆ ನೋಡಿ. ದಪ್ಪ ನರಗಳನ್ನು ಬಿಟ್ಟು ಉಳಿದದ್ದೆಲ್ಲ ತಿಂದಿದ್ದರೆ ಹೈಬ್ಲಿಯ ಪ್ಯೂರ ಎಂಬ ಪತಂಗದ ಮರಿಹುಳ. ಎಲೆಯಂಚನ್ನು ಮಡಚಿ ಅದರೊಳಗೆ ಕೂತಿರುತ್ತದೆ. ಸಾವಿರಗಟ್ಟಲೆ ಹುಳ ಒಟ್ಟಿಗೆ ತಿನ್ನುವಾಗ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯಂತೆ ಕೇಳುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಎರಡು ಮೂರು ವಾರ ಅಷ್ಟೇ. ಅದಕ್ಕೇ ಒಮ್ಮೆ ತಿಂದು ಹೋದಮೇಲೆ ಅದೇ ಋತುವಿನಲ್ಲಿ ಮತ್ತೊಂದು ಅಲೆ ಬರಬಹುದು.

ನರಗಳ ಬಲೆ ಪೂರ್ತಿ ಉಳಿದು, ನಡುವಿನ ಹಸಿರು ಮಾತ್ರ ಮಾಯವಾಗಿ, ಎಲೆ ಜಾಲರಿಯ ಹಾಗಿದ್ದರೆ ಇನ್ನೊಂದು ಹುಳ, ಯುಟೆಕ್ಟೋನ ಮಕೆರಾಲಿಸ್. ಇದು ಸಾಮಾನ್ಯವಾಗಿ ಮಳೆಗಾಲ ಮುಗಿಯುವ ಹೊತ್ತಿಗೆ, ಬಲಿತ ಎಲೆಗೆ ಬರುತ್ತದೆ. ಹೇಗೂ ಉದುರಲಿರುವ ಎಲೆ. ಇದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯ ಕಡಿಮೆ.

ಎರಡರಿಂದಲೂ ಬೆಳೆದ ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ನಷ್ಟ ಬೆಳವಣಿಗೆಯದ್ದು. ಕೇರಳದ ನಿಲಂಬೂರಿನ ಎಳೆಯ ತೇಗದ ನೆಡುತೋಪುಗಳಲ್ಲಿ ನಡೆದ ಅಧ್ಯಯನದಲ್ಲಿ, ಸಿಗಬಹುದಾಗಿದ್ದ ಮರದ ಗಾತ್ರದ ಹೆಚ್ಚಳದಲ್ಲಿ ಶೇ. 44ರಷ್ಟು ಈ ಮೊದಲನೆಯ ಹುಳಕ್ಕೆ ಹೋಗಿತ್ತು. ಹಾಗಾಗಿ ಕಾಳಜಿ ಬೇಕಿರುವುದು ಎಳೆಯ ತೋಪಿಗೆ.

ಸಿಂಪಡಿಸುವ ಮುನ್ನ ಹುಳದ ಉದ್ದ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಎಂಬ, ಮರಿಹುಳ ಕೊಲ್ಲುವ ಬ್ಯಾಕ್ಟೀರಿಯಾದ ಸಿಂಪಡಣೆ ಕೆಲಸ ಮಾಡುತ್ತದೆ. ಮೂರು ಸೆಂಟಿಮೀಟರಾಗಿದ್ದರೆ ಅದು ತಿನ್ನಬೇಕಾದದ್ದನ್ನು ತಿಂದಾಗಿದೆ, ನಾಳೆಯೋ ನಾಡಿದ್ದೋ ನೂಲಿನಲ್ಲಿ ಇಳಿದು ಉದುರೆಲೆಯ ಕೆಳಗೆ ಕೋಶ ಕಟ್ಟುತ್ತದೆ. ಆಗ ಹೊಡೆದ ಔಷಧಿ ದಂಡ. ಸತ್ತ ಹುಳಗಳು ತಲೆ ಕೆಳಗಾಗಿ ನೇತಾಡುತ್ತ, ಮುಟ್ಟಿದರೆ ಕೀವಿನಂತೆ ಒಡೆದುಹೋಗುತ್ತಿದ್ದರೆ ಅವಕ್ಕೆ ಅವುಗಳದ್ದೇ ವೈರಸ್ ರೋಗ ತಗುಲಿದೆ. ಅದನ್ನು ಹಾಗೇ ಹರಡಲು ಬಿಡಿ, ಏನನ್ನೂ ಸಿಂಪಡಿಸಬೇಡಿ. ನೈಸರ್ಗಿಕ ಕಾಡಿನಲ್ಲಿ ಕೀಟನಾಶಕದ ಮಾತೇ ಬೇಡ: ಹುಳ ತಿನ್ನುವ ಹಕ್ಕಿ, ಜೇನು, ತೊರೆಯ ಮೀನು ಎಲ್ಲಕ್ಕೂ ಅದು ತಟ್ಟುತ್ತದೆ.

ಲಕ್ಷಣ: ಶ್ರೀಗಂಧದ ಎಲೆ ಚಿಕ್ಕದಾಗಿದೆ, ಹಳದಿಯಾಗಿದೆ

ಶ್ರೀಗಂಧ ಅರೆ ಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ನೀರು, ಲವಣ ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಗಂಧದ ಬಗ್ಗೆ ಅಲ್ಲವೇ ಅಲ್ಲ. ಪಕ್ಕದಲ್ಲಿದ್ದ ಆಸರೆ ಗಿಡವನ್ನು ಇತ್ತೀಚೆಗೆ ಕಡಿದರೇ? ಅದು ಒಣಗಿತೇ? ಕಳೆ ಎಂದುಕೊಂಡು ಬುಡ ಸ್ವಚ್ಛ ಮಾಡಿ ಗಂಧವನ್ನು ಉಪವಾಸ ಕೆಡವುವುದು ಬಹಳ ಸಾಮಾನ್ಯವಾದ ತಪ್ಪು. ಆಸರೆ ಹೋಗಿದ್ದರೆ ತೊಗರಿಯಂಥ ಬೇಗ ಬೆಳೆಯುವ ಗಿಡವನ್ನು ತಕ್ಷಣ ಹತ್ತಿರ ಹಾಕಿ, ದೀರ್ಘಕಾಲಕ್ಕೆ ಮರಜಾತಿಯ ಆಸರೆಯನ್ನೂ ನೆಡಿ.

ಎರಡನೆಯದು, ಹೊಸ ಎಲೆ ಮಾತ್ರ ಹಳದಿ, ನರ ಹಸಿರು, ಎಲೆಯ ಗಾತ್ರ ಸರಿಯಾಗಿಯೇ ಇದ್ದರೆ ಕಬ್ಬಿಣದ ಕೊರತೆ ನೋಡಿ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಇದು ಸಾಮಾನ್ಯ.

ಇವೆರಡೂ ಅಲ್ಲದಿದ್ದರೆ ಸ್ಪೈಕ್ ರೋಗದ ಗುರುತುಗಳನ್ನು ಹುಡುಕಿ. ಎಲೆ ಬಾರಿಬಾರಿಗೂ ಕಿರಿದಾಗುತ್ತ, ಬಿರುಸಾಗಿ ರೆಂಬೆಗೆ ನೆಟ್ಟಗೆ ಚುಚ್ಚಿಟ್ಟಂತೆ ನಿಲ್ಲುತ್ತದೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ಕುಗ್ಗಿ ರೆಂಬೆ ಪೊರಕೆಯಂತಾಗುತ್ತದೆ. ರೋಗ ಬಲಿತ ರೆಂಬೆ ಹೂ, ಕಾಯಿ ಕೊಡುವುದಿಲ್ಲ. ಮೊದಲಿಗೆ ಒಂದೇ ರೆಂಬೆಯಲ್ಲಿ ಕಂಡು ಆಮೇಲೆ ಇಡೀ ಮರಕ್ಕೆ ಹರಡುವುದೂ ಉಂಟು. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಈ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ರಸ ಹೀರುವ ಜಿಗಿಹುಳಗಳು ಅದನ್ನು ದಾಟಿಸುತ್ತವೆ. ಲಕ್ಷಣ ಕಂಡ ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಚುಚ್ಚಿದಾಗ ಸ್ವಲ್ಪ ಕಾಲ ಚೇತರಿಸಿಕೊಂಡಂತೆ ಕಾಣುತ್ತದೆ, ಮತ್ತೆ ಮರುಕಳಿಸುತ್ತದೆ. ಗುಣಪಡಿಸುವ ಮದ್ದು ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಅನುಮಾನದ ಮರದಿಂದ ಕಸಿಕಡ್ಡಿ ತೆಗೆಯಬೇಡಿ. ಕರ್ನಾಟಕದಲ್ಲಿ ಶ್ರೀಗಂಧ ರೋಗಕ್ಕೆ ಸತ್ತರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಇಲ್ಲಿಗೆ ನಿಲ್ಲಿಸಿ, ಇಲಾಖೆಗೆ ತಿಳಿಸಿ, ಖಚಿತಪಡಿಸಿಕೊಳ್ಳಲು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಕೇಳಿ.

ಲಕ್ಷಣ: ಕಾಂಡದಲ್ಲಿ ತೂತು, ಬುಡದಲ್ಲಿ ಪುಡಿ

ಪುಡಿಯ ಸ್ವರೂಪವೇ ಅರ್ಧ ಉತ್ತರ. ತೊಗಟೆಯ ಮೇಲೆ, ಕವಲುಗಳ ಹತ್ತಿರ, ಹಿಕ್ಕೆ ಮತ್ತು ನೂಲು ಸೇರಿದ ಕಂದು ಪಟ್ಟಿ ಹರಿದಾಡಿದ್ದರೆ ತೊಗಟೆ ತಿನ್ನುವ ಹುಳ. ಎಳೆಯ ತೇಗದ ಬುಡದಲ್ಲಿ ಮರದ ಹೊಟ್ಟನ್ನು ನೂಲಿನಿಂದ ಹೆಣೆದ ಮೆತ್ತೆ ಅಂಟಿಕೊಂಡಿದ್ದರೆ ಸಸಿ ಕೊರೆಯುವ ಹುಳ, ಸಹ್ಯಾದ್ರಾಸಸ್ ಮಲಬಾರಿಕಸ್. ಮೆತ್ತೆಯ ಹಿಂದಿನ ತೂತು ಕಾಂಡದ ನಡುವೆ ಕೆಳಗಿಳಿದಿರುತ್ತದೆ, ಜೋರು ಗಾಳಿಗೆ ಸಸಿ ಅಲ್ಲೇ ಮುರಿಯುತ್ತದೆ. ಗುಂಡಗಿನ ಹಿಕ್ಕೆಯ ಕಾಳುಗಳು ನೆಲದಲ್ಲಿ ಬಿದ್ದಿದ್ದರೆ ಕಾಫಿಯವರು ಬಲ್ಲ ಕೆಂಪು ಕೊರಕ, ಗಂಧಕ್ಕೂ ಬರುತ್ತದೆ. ಒರಟು ನಾರಿನಂಥ ಸಿಪ್ಪೆಯಿದ್ದರೆ ಉದ್ದ ಮೀಸೆಯ ಜೀರುಂಡೆಯ ಮರಿ. ಹಿಟ್ಟಿನಂಥ ನುಣ್ಣನೆಯ ಪುಡಿ, ಗುಂಡುಸೂಜಿ ಗಾತ್ರದ ತೂತುಗಳಿದ್ದರೆ ಸಾಯುತ್ತಿರುವ ಮರಕ್ಕೆ ಬರುವ ಜೀರುಂಡೆ. ಅದಕ್ಕೆ ಮದ್ದು ಮಾಡುವುದಲ್ಲ, ಮರ ಯಾಕೆ ಸಾಯುತ್ತಿದೆ ಎಂದು ಮತ್ತೆ ಬೇರಿಗೆ ಹೋಗಿ ನೋಡಬೇಕು.

ಗೆದ್ದಲಿನ ವಿಷಯದಲ್ಲಿ ಅನ್ಯಾಯವೇ ಹೆಚ್ಚು. ಬೆಳೆದ ಮರದ ತೊಗಟೆಗೆ ಮಣ್ಣು ಮೆತ್ತಿದ್ದರೆ ಕೆರೆದು ನೋಡಿ. ಕೆಳಗಿನ ತೊಗಟೆ ಗಟ್ಟಿಯಾಗಿ ಹಸಿಯಾಗಿದ್ದರೆ ಅದು ತಿನ್ನುತ್ತಿರುವುದು ಸತ್ತ ಹೊರಪದರವನ್ನಷ್ಟೇ. ಹೊಸದಾಗಿ ನೆಟ್ಟ ನೀಲಗಿರಿಯಂಥ ಸಸಿಯಲ್ಲಿ ಮಾತ್ರ ಗೆದ್ದಲು ನಿಜವಾದ ಶತ್ರು: ಸಸಿ ಬಾಡಿ, ಎಳೆದರೆ ಸುಲಭವಾಗಿ ಕಿತ್ತುಬಂದು, ತಾಯಿಬೇರು ಕಡಿದುಹೋಗಿರುತ್ತದೆ.

ತೂತು ಹಳೆಯದೋ, ಹುಳ ಒಳಗಿದೆಯೋ? ಪುಡಿ, ನೂಲು ಎಲ್ಲವನ್ನೂ ಬ್ರಷ್‌ನಿಂದ ಒರೆಸಿ, ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎರಡು ದಿನ ಬಿಟ್ಟು ಬನ್ನಿ. ಹೊಸ ಪುಡಿ ಇದ್ದರೆ ಹುಳ ಜೀವಂತ. ಇಲ್ಲದಿದ್ದರೆ ಅದು ಎಂದೋ ಹಾರಿಹೋಗಿದೆ, ಖಾಲಿ ಮನೆಗೆ ಔಷಧಿ ಬೇಡ. ಜೀವಂತವಿದ್ದು ಬೆರಳೆಣಿಕೆಯ ಮರಗಳಾದರೆ, ಬಾಗುವ ಬ್ರೇಕ್ ವೈರನ್ನು ತೂತಿನೊಳಗೆ ತೂರಿಸಿ ಹುಳವನ್ನು ಚುಚ್ಚಿ. ವೈರು ಮುಟ್ಟದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ತುರುಕಿ ಜೇಡಿಮಣ್ಣಿನಿಂದ ಮುಚ್ಚಿ. ಬೇಸಿಗೆಯಲ್ಲಿ ಒಣಹುಲ್ಲಿನ ನಡುವೆ ಸೀಮೆಎಣ್ಣೆ ಹಿಡಿದು ಕೆಲಸ ಮಾಡುವಾಗ ಬೀಡಿ, ಬೆಂಕಿಪೊಟ್ಟಣ ದೂರವಿರಲಿ.

ಚಾಕುವಿನ ಹಿಡಿಯಿಂದ ಕಾಂಡ ಬಡಿದು ನೋಡಿ. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಭಾಗ ಟೊಳ್ಳು ಸದ್ದು ಕೊಟ್ಟರೆ ಆ ಮರ ಬೀಳಬಹುದಾದ ಮರ. ಕೆಳಗೆ ನಿಂತು ಇನ್ನಷ್ಟು ಪರೀಕ್ಷೆ ಮಾಡಬೇಡಿ.

ತಿರುಳು ಕೊರೆಯುವ ಹುಳಕ್ಕೆ ಹೊರಗಿನ ಸಿಂಪಡಣೆ ತಾಗುವುದೇ ಇಲ್ಲ. ಮಧ್ಯ ಭಾರತದ ಸಾಲ್ ಮರದ ಕಾಡುಗಳಲ್ಲಿ ಅದಕ್ಕೆಂದೇ ಉಪಾಯವೊಂದಿದೆ: ಮಳೆ ಶುರುವಾಗಿ ಜೀರುಂಡೆ ಹೊರಬರುವ ಹೊತ್ತಿಗೆ ಹಸಿ ಮರವೊಂದನ್ನು ಕಡಿದು, ತುಂಡು ಮಾಡಿ, ತೊಗಟೆ ಜಜ್ಜಿ ಇಡುತ್ತಾರೆ. ರಸದ ವಾಸನೆಗೆ ಬಂದು ಕುಡಿದು ಮತ್ತಾದ ಜೀರುಂಡೆಗಳನ್ನು ಕೈಯಲ್ಲಿ ಆರಿಸಿ ಕೊಲ್ಲುತ್ತಾರೆ.

ಲಕ್ಷಣ: ರೆಂಬೆ ಅಥವಾ ಇಡೀ ಮರ ಒಣಗುತ್ತಿದೆ, ಹುಳವಿಲ್ಲ

ಮಳೆಗಾಲದಲ್ಲಿ ಒಂದೇ ರೆಂಬೆ ಒಣಗಿದ್ದರೆ ಕವಲಿನ ಕೆಳಬದಿ ನೋಡಿ. ನಸುಗೆಂಪು ಬೂಷ್ಟು ಬಳಿದಂತಿದ್ದರೆ ಪಿಂಕ್ ರೋಗ. ಒಣಗಿದ ರೆಂಬೆಯನ್ನು ಬೂಷ್ಟು ಮುಗಿಯುವ ಜಾಗಕ್ಕಿಂತ ಒಂದು ಗೇಣು ಕೆಳಗೆ ಕತ್ತರಿಸಿ, ಅಲ್ಲೇ ಬಿಡದೆ ತೆಗೆದು ಸುಟ್ಟು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಮುಲಾಮಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) 5 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣ ಇನ್ನೊಂದು 5 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು, ಕಬ್ಬಿಣ, ತಗಡು ಬೇಡ. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲದು, ಹಾಗೇ ಹಚ್ಚಿದರೆ ತೊಗಟೆ ಸುಡುತ್ತದೆ. ಅಂದಂದಿನದ್ದನ್ನು ಅಂದೇ ಬಳಸಿ. ಸುಟ್ಟ ಸುಣ್ಣ ನೀರಿಗೆ ಬಿದ್ದಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಸರ್ವೆ ಮರದ ತೊಗಟೆ ಗುಳ್ಳೆ ಎದ್ದು, ಒಡೆದಾಗ ಮಸಿಯಂಥ ಕಪ್ಪು ಪುಡಿ ಬಂದರೆ ಗುಳ್ಳೆ ತೊಗಟೆ ರೋಗ. ಆ ಮರ ಉಳಿಯದು. ಗಾಳಿಗೆ ಪುಡಿ ಹಾರುವ ಮುನ್ನ ತೆಗೆಯುವುದೇ ದಾರಿ.

ಇಡೀ ಮರ ಮಂಕಾಗಿ, ಬುಡದಲ್ಲಿ ಅರಗು ಬಳಿದಂತೆ ಹೊಳೆಯುವ, ಬಿಳಿಯಂಚಿನ ಕಂದು ಅಣಬೆ ಚಪ್ಪರದಂತೆ ಚಾಚಿದ್ದರೆ ಬೇರು ಕೊಳೆಸುವ ಶಿಲೀಂಧ್ರ ಗ್ಯಾನೋಡರ್ಮ. ಅಣಬೆ ಕಾಣುವ ಹೊತ್ತಿಗೆ ಬೇರು ಬಹುಪಾಲು ಕೊಳೆತಿರುತ್ತದೆ. ಅಣಬೆ ಕಿತ್ತರೆ ರೋಗ ಹೋಗದು. ಅದು ಹಣ್ಣು ಮಾತ್ರ, ಗಿಡ ಒಳಗಿದೆ. ಇಲ್ಲಿ ಕೆಲಸ ಉಳಿದ ಮರಗಳದ್ದು: ರೋಗದ ಗುಂಪಿನ ಸುತ್ತ ಒಂದು ಅಡಿ ಅಗಲ, ಎರಡರಿಂದ ಮೂರು ಅಡಿ ಆಳದ ಕಂದಕ ತೋಡಿ, ಅಡ್ಡ ಬಂದ ಬೇರುಗಳನ್ನೆಲ್ಲ ಕಡಿಯಿರಿ. ಕಂದಕ ಎಲ್ಲಿ ತೋಡುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಆರೋಗ್ಯವಾಗಿ ಕಾಣುವ ಒಂದು ಸಾಲು ಮರ ಒಳಗೇ ಉಳಿಯಬೇಕು, ಏಕೆಂದರೆ ಎಲೆಯಲ್ಲಿ ಕಾಣುವ ಮುನ್ನವೇ ಬೇರಿನಲ್ಲಿ ರೋಗ ದಾಟಿರುತ್ತದೆ. ತೆಗೆದ ಮಣ್ಣನ್ನು ರೋಗದ ಬದಿಗೇ ಹಾಕಿ.

ಇದಾವುದೂ ಇಲ್ಲದೆ ಹಸಿರೆಲೆ ಇದ್ದಹಾಗೇ ಮರ ಬಾಡಿದರೆ ಹೆಬ್ಬೆರಳು ಗಾತ್ರದ ರೆಂಬೆಯನ್ನು ಅಡ್ಡ ಕೊಯ್ಯಿರಿ. ತೊಗಟೆಯ ಒಳಗೆ ಕಂದು ಚುಕ್ಕಿಗಳ ಉಂಗುರ ಕಂಡರೆ ನೀರಿನ ನಾಳ ಕಟ್ಟಿಸುವ ಶಿಲೀಂಧ್ರದ ಅನುಮಾನ. ಮನೆಮದ್ದಿಲ್ಲ, ಮಾದರಿ ಕಳಿಸಿ.

ರೋಗದಂತೆ ಕಂಡರೂ ರೋಗವಲ್ಲದವು

ಬಿದಿರು ಮೆಳೆ ಇಡಿಯಾಗಿ ಹೂಬಿಟ್ಟು ಒಣಗಿದರೆ ಅದು ಅದರ ಆಯುಷ್ಯ ಮುಗಿದದ್ದು. ಹೆಬ್ಬಿದಿರು ಸುಮಾರು 40–45 ವರ್ಷಕ್ಕೊಮ್ಮೆ ಹೀಗೆ ಮಾಡುತ್ತದೆ. ಒಣ ಮೆಳೆಗೆ ಬೆಂಕಿ ಬೀಳದಂತೆ ನೋಡಿಕೊಂಡು, ಉದುರಿದ ಬಿದಿರಕ್ಕಿ ಮೊಳೆಯಲು ಬಿಡಿ.

ಮರದ ಮೇಲೆ ಬೇರೆ ಎಲೆಯ ಗೊಂಚಲು ಬೆಳೆದಿದ್ದರೆ ಬಂದಳಿಕೆ. ಹಕ್ಕಿ ತಂದ ಬೀಜದ್ದು. ಕಾಡಿನಲ್ಲಿ ಅದಕ್ಕೂ ಜಾಗವಿದೆ, ಬಿಡಿ. ನೆಟ್ಟ ಮರಕ್ಕೆ ಭಾರವಾಗಿದ್ದರೆ ಹಣ್ಣಾಗುವ ಮುನ್ನ, ಗಂಟಿನಿಂದ ಒಂದು ಅಡಿ ಕೆಳಗೆ ರೆಂಬೆ ಸಮೇತ ಕತ್ತರಿಸಿ. ಬಂದಳಿಕೆಯನ್ನಷ್ಟೇ ಮುರಿದರೆ ಒಳಗೆ ಉಳಿದ ಬೇರಿನಿಂದ ಮತ್ತೆ ಬರುತ್ತದೆ.

ಲಕ್ಷಣ: ಕಾಡು ಹಸಿರಾಗಿದೆ, ಆದರೆ ಎಳೆಯ ಮರಗಳೇ ಇಲ್ಲ

ಎಲ್ಲಕ್ಕಿಂತ ತಡವಾಗಿ ಕಣ್ಣಿಗೆ ಬೀಳುವ ದೋಷ ಇದು. ದೊಡ್ಡ ಮರಗಳೆಲ್ಲ ಚೆನ್ನಾಗಿರುತ್ತವೆ. ಲಂಟಾನದಂಥ ಕಳೆಪೊದೆ ಕವಿದ ಕಡೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ ಗುರುತಿಸಿ, ಅದರೊಳಗೆ ಮೊಣಕಾಲೆತ್ತರದಿಂದ ಎದೆಯೆತ್ತರದವರೆಗಿನ ಸ್ಥಳೀಯ ಸಸಿಗಳನ್ನು ಎಣಿಸಿ. ಪೊದೆಯಿಲ್ಲದ ಜಾಗದಲ್ಲೂ ಅದೇ ಎಣಿಕೆ ಮಾಡಿ. ಎರಡರ ನಡುವಿನ ಅಂತರವೇ ನಿಮ್ಮ ಉತ್ತರ. ಎರಡೂ ಕಡೆ ಸಸಿ ಇಲ್ಲದಿದ್ದರೆ ದನಕರು ಮೇಯುವುದು, ಬೆಂಕಿ ಕಾರಣವಿರಬಹುದು. ಪೊದೆ ತೆಗೆದು ಪ್ರಯೋಜನವಿಲ್ಲ.

ಲಂಟಾನ 1809ರಲ್ಲಿ ಅಲಂಕಾರದ ಗಿಡವಾಗಿ ಕೋಲ್ಕತ್ತಕ್ಕೆ ಬಂದದ್ದು. ಮೇಲಿಂದ ಕಡಿದರೆ ಬುಡದಿಂದ ಇಮ್ಮಡಿ ಚಿಗುರುತ್ತದೆ, ಬೆಂಕಿ ಹಾಕಿದರೂ ಅಷ್ಟೇ. ಮಣ್ಣಿನ ಕೆಳಗೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ, ಕಾಂಡ ಬೇರಾಗುವ ಗಂಟಿನ ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿಯಿರಿ. ಚಿಗುರುವ ಶಕ್ತಿ ಇರುವುದು ಆ ಗಂಟಿನಲ್ಲಿ. ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಿ. ಬುಡ ಕೆಳಗಾಗಿ ಇಟ್ಟರೆ ನೆಲ ಮುಟ್ಟಿದ ಕಡೆ ಬೇರೂರುತ್ತದೆ. ಹಣ್ಣಾಗುವ ಮುನ್ನ ಕೆಲಸ ಮುಗಿಯಲಿ.

ಸೆನ್ನಾ ಸ್ಪೆಕ್ಟಾಬಿಲಿಸ್ ಕಾಡನ್ನು ಆಕ್ರಮಿಸುವ, ಹೊರನಾಡಿನ ಹಳದಿ ಹೂವಿನ ಮರ. ಕಕ್ಕೆಯೆಂದು ತಿಳಿದು ಬಿಡುವುದು, ಇದೆಂದು ತಿಳಿದು ಕಕ್ಕೆಯನ್ನು ಕೊಲ್ಲುವುದು ಎರಡೂ ಆಗುತ್ತವೆ. ಕಕ್ಕೆಯ ಹೂ ಸರದಂತೆ ಇಳಿಬೀಳುತ್ತದೆ, ಸೆನ್ನಾದ್ದು ರೆಂಬೆ ತುದಿಯಲ್ಲಿ ಮೇಲ್ಮುಖ ಗೊಂಚಲು. ಕಕ್ಕೆಗೆ ದೊಡ್ಡ ಎಲೆ, ಕೆಲವೇ ಜೋಡಿ. ಸೆನ್ನಾಗೆ ಕಿರಿದಾದ ಎಲೆ, ಹೆಚ್ಚು ಜೋಡಿ. ಇದನ್ನು ಬರಿದೇ ಕಡಿದರೆ ಮೋಟಿನಿಂದ ಪೊದೆಯೇ ಎದ್ದುಬರುತ್ತದೆ. ಎದೆಮಟ್ಟದಿಂದ ನೆಲದವರೆಗೆ ಸುತ್ತಲೂ ತೊಗಟೆ ಸುಲಿದು, ಕೆಳಗಿನ ಜಾರುವ ಪದರವನ್ನೂ ಕೆರೆಯಿರಿ. ಒಂದು ಬೆರಳಗಲ ಪಟ್ಟಿ ಉಳಿದರೂ ಮರ ಬದುಕುತ್ತದೆ. ಒಣಗಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಬಹುದು. ಅಷ್ಟು ಕಾಲವೂ ಬುಡದ ಚಿಗುರು ಮುರಿಯುತ್ತಿರಬೇಕು. ನಿಂತೇ ಸತ್ತ ಮರ ದಾರಿಯ ಮೇಲೆ ಬೀಳುತ್ತದೆ, ಹಾದಿ ಬದಿಯಲ್ಲಿ ಈ ಕ್ರಮ ಬೇಡ. ಸಸಿಗಳನ್ನು ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕೀಳಿ.

ಕಮ್ಯುನಿಸ್ಟ್ ಗಿಡವನ್ನು (ಕ್ರೊಮೊಲೀನ ಎಂಬ ಕಳೆಪೊದೆ) ಚಳಿಗಾಲದ ಹೂವಿಗೆ ಮುಂಚೆ, ಅಕ್ಟೋಬರ್‌ನೊಳಗೆ ಕೀಳಬೇಕು. ಬೀಜ ಗಾಳಿಗೆ ಹಾರಿದಮೇಲೆ ಕಡಿಯುವುದು ಬಿತ್ತನೆ ಮಾಡಿದ ಹಾಗೆ. ಮಿಕಾನಿಯ ಬಳ್ಳಿಯ ಗೆಣ್ಣಿನ ಚೂರೂ ಬೇರೂರುತ್ತದೆ. ತೊರೆಗೆ ಎಸೆಯಬೇಡಿ, ಬಂಡೆಯ ಮೇಲೆ ಒಣಹಾಕಿ.

ಎಲ್ಲಿಂದ ಶುರು? ದಟ್ಟವಾದ ನಡುಭಾಗಕ್ಕೆ ನುಗ್ಗುವುದು ಉತ್ಸಾಹಿಗಳ ತಪ್ಪು. ಒಳ್ಳೆಯ ಕಾಡಿನಲ್ಲಿ ಚದುರಿರುವ ಒಂಟಿ ಗಿಡಗಳನ್ನು ಮೊದಲು ತೆಗೆದು, ಆಮೇಲೆ ದಟ್ಟಣೆಯತ್ತ ಹೋಗಿ. ಮುಂದಿನ ಮೂರು ಮಳೆಗಾಲ ಮರುಕಳೆ ತೆಗೆಯಲು ಕೈಲಾಗುವಷ್ಟೇ ಜಾಗ ಹಿಡಿಯಿರಿ. ಬಯಲಾದ ನೆಲಕ್ಕೆ ಸ್ಥಳೀಯ ಹುಲ್ಲಿನ ಬೀಜ ಬೀಳದಿದ್ದರೆ ಕಾಂಗ್ರೆಸ್ ಗಿಡ ಬರುತ್ತದೆ. ಅದನ್ನು ಬರಿಗೈಯಲ್ಲಿ ಕಿತ್ತರೆ ಚರ್ಮ ತುರಿಸಿ ಹುಣ್ಣಾಗುವವರಿದ್ದಾರೆ, ಕೈಗವಸು ಹಾಕಿ. ಲಂಟಾನದ ಮೆಳೆಯೊಳಗೆ ಹಂದಿ, ಕರಡಿ, ಹಾವು ಮಲಗಿರುತ್ತವೆ. ಸದ್ದು ಮಾಡಿ, ಇಬ್ಬರಿಗಿಂತ ಕಡಿಮೆ ಜನ ಹೋಗಬೇಡಿ. ಮಲೆನಾಡಿನಲ್ಲಿ ಚಳಿಗಾಲದಿಂದ ಮುಂಗಾರಿನವರೆಗೆ ಮಂಗನ ಕಾಯಿಲೆ ದಾಟಿಸುವ ಉಣುಗಿನ ಕಾಲ. ಮಂಗ ಸತ್ತ ಸುದ್ದಿಯಿದ್ದರೆ ಕೆಲಸ ನಿಲ್ಲಿಸಿ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮೀಸಲು ಅರಣ್ಯದಲ್ಲಿ ಗಿಡ ಕೀಳುವುದಕ್ಕೂ ಇಲಾಖೆಯ ಒಪ್ಪಿಗೆ ಬೇಕು.

ನಿಲ್ಲಿಸಿ, ಬಲ್ಲವರಿಗೆ ಕಳಿಸಬೇಕಾದಾಗ

ಒಂದೇ ಜಾತಿಯ ಮರಗಳು ಗುಂಪಾಗಿ ಸಾಯುತ್ತಿದ್ದು ಕಾರಣ ತಿಳಿಯದಿದ್ದರೆ, ಹಿಂದೆಂದೂ ನೋಡದ ಕೀಟ ಅಥವಾ ಕಳೆ ಕಂಡರೆ, ಮರ ಹತ್ತಿ ಇಲ್ಲವೇ ಗರಗಸ ಹಿಡಿದು ನೋಡಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ. ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜುಗಳಲ್ಲಿ ಈ ವಿಷಯ ಬಲ್ಲವರಿದ್ದಾರೆ.

ಪೂರ್ತಿ ಸತ್ತ ಕಟ್ಟಿಗೆ ಕಳಿಸಿದರೆ ಅದರಲ್ಲಿ ಸಿಗುವುದು ಕೊಳೆಸುವ ಅಣಬೆಗಳಷ್ಟೇ. ಮೊದಲು ಗುರುತಿಟ್ಟ ಗಡಿಯಿಂದ, ಅರ್ಧ ಹಸಿರು ಅರ್ಧ ಕಂದು ಇರುವ ಒಂದು ಗೇಣು ತುಂಡು ತೆಗೆಯಿರಿ. ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ. ಮರಿಹುಳವಿದ್ದರೆ ಕೆಲವನ್ನು ಅದೇ ಎಲೆಯ ಜೊತೆ ಗಾಳಿಯಾಡುವ ಡಬ್ಬಿಯಲ್ಲಿ ಜೀವಂತ, ಕೆಲವನ್ನು ಶೇ. 70ರ ಸ್ಪಿರಿಟ್‌ನಲ್ಲಿ. ಬೇರುರೋಗದ ಅನುಮಾನಕ್ಕೆ ಪೆನ್ಸಿಲ್ ದಪ್ಪದ ಬೇರು, ಅದಕ್ಕಂಟಿದ ಎರಡು ಹಿಡಿ ಮಣ್ಣು. ಮೂರು ಫೋಟೋ: ಇಡೀ ತೋಪು, ಇಡೀ ಮರ, ಲಕ್ಷಣದ ಹತ್ತಿರದ ನೋಟ. ಚೀಟಿಯನ್ನು ಸೀಸದಕಡ್ಡಿಯಲ್ಲೇ ಬರೆಯಿರಿ, ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ: ಮರದ ಹೆಸರು, ವಯಸ್ಸು, ಜಾಗ, ದಿನಾಂಕ, ನೂರು ಮರಕ್ಕೆ ಎಷ್ಟು ಸೊರಗಿವೆ, ಕಳೆದ ಒಂದು ವರ್ಷದಲ್ಲಿ ಅಲ್ಲಿ ಬೆಂಕಿ, ಅಗೆತ, ಸಿಂಪಡಣೆ ಏನೇನಾಗಿದೆ. ಕೊನೆಯ ಸಾಲನ್ನು ಬಿಡಬೇಡಿ, ಪ್ರಯೋಗಾಲಯದಲ್ಲಿ ಮಾದರಿ ಬಿಚ್ಚುವ ಮುನ್ನ ಓದುವುದು ಅದನ್ನೇ.